ಎರಡು ದೇಶಗಳಿಂದ ದರಪಟ್ಟಿ ಬಂದಾಗ: ಆಮದು ವೆಚ್ಚವನ್ನು ಸರಿಯಾಗಿ ಹೋಲಿಸುವ ಕ್ರಮ

"ಒಂದೇ ವಸ್ತುವಿಗೆ ಎರಡು ದೇಶಗಳ ಮಾರಾಟಗಾರರು ದರ ಕೊಟ್ಟಿದ್ದಾರೆ. ಒಬ್ಬರದು 4 ಡಾಲರ್, ಇನ್ನೊಬ್ಬರದು 4.60. ಕಡಿಮೆ ಇರುವ ಕಡೆಯಿಂದಲೇ ತರಿಸಲೇ?" ಓದುಗರಿಂದ ನನಗೆ ಅತಿ ಹೆಚ್ಚು ಬರುವ ಪ್ರಶ್ನೆ ಇದು. ಅಂಕಿಗಳು ಬದಲಾಗುತ್ತವೆ, ಪ್ರಶ್ನೆ ಬದಲಾಗುವುದಿಲ್ಲ. ಪ್ರತಿಯೊಬ್ಬರಿಗೂ ಬಿಡಿಬಿಡಿಯಾಗಿ ಉತ್ತರಿಸುವ ಬದಲು ಇಡೀ ಕ್ರಮವನ್ನು ಒಂದೇ ಕಡೆ ಬರೆದಿಡುತ್ತಿದ್ದೇನೆ.

ಆ ಎರಡು ಅಂಕಿಗಳಷ್ಟನ್ನೇ ನೋಡಿ ಯಾರೂ ಉತ್ತರ ಹೇಳಲಾರರು. ನೀವು ಹೋಲಿಸಬೇಕಾದದ್ದು ಮಾರುವವರು ಹೇಳುವ ಬೆಲೆಯನ್ನಲ್ಲ. ಆ ವಸ್ತು ನಿಮ್ಮ ಗೋದಾಮಿನ ಬಾಗಿಲಿಗೆ ಬಂದು, ಪೆಟ್ಟಿಗೆ ಬಿಚ್ಚಿ, ಮಾರಲು ಯೋಗ್ಯವಾದ ಒಂದು ನಗಕ್ಕೆ ಒಟ್ಟು ಎಷ್ಟು ಬಿದ್ದಿತು ಎಂಬುದನ್ನು ಹೋಲಿಸಬೇಕು. ವ್ಯಾಪಾರದವರು ಇದನ್ನು ಲ್ಯಾಂಡೆಡ್ ಕಾಸ್ಟ್ ಎನ್ನುತ್ತಾರೆ. ಈ ಲೇಖನದಲ್ಲಿ ನಾನು "ಬಾಗಿಲ ಬೆಲೆ" ಎಂದು ಕರೆಯುತ್ತೇನೆ.

ಉದಾಹರಣೆಗೆ ಒಂದು ವಸ್ತುವನ್ನು ಹಿಡಿದುಕೊಳ್ಳೋಣ: 5,000 ಎಲ್‌ಇಡಿ ಮೇಜುದೀಪಗಳು. ಮಾರುವ ಎರಡು ದೇಶಗಳನ್ನು ಕ ಮತ್ತು ಖ ಎನ್ನೋಣ. ಇಲ್ಲಿನ ಹಣದ ಅಂಕಿಗಳೂ ಸುಂಕದ ದರಗಳೂ ಲೆಕ್ಕ ತೋರಿಸಲು ನಾನೇ ಇಟ್ಟುಕೊಂಡವು. ನಿಮ್ಮ ಸರಕಿಗೆ ನಿಮ್ಮ ಅಂಕಿಗಳನ್ನೇ ಹಾಕಬೇಕು.

ಕೈಯಲ್ಲಿ ಇರಬೇಕಾದವು

ಎರಡೂ ಕಡೆಯ ದರಪಟ್ಟಿ ಲಿಖಿತವಾಗಿರಲಿ. ಅದರಲ್ಲಿ ಬೆಲೆಯ ಜೊತೆಗೆ ಮಾರಾಟದ ಷರತ್ತು, ಕನಿಷ್ಠ ಎಷ್ಟು ನಗ ಕೊಳ್ಳಬೇಕು, ದರ ಎಲ್ಲಿಯವರೆಗೆ ಊರ್ಜಿತ ಎಂಬುದು ಇರಬೇಕು. ಒಂದು ಪೆಟ್ಟಿಗೆಯಲ್ಲಿ ಎಷ್ಟು ನಗ, ಪೆಟ್ಟಿಗೆಯ ಉದ್ದ, ಅಗಲ, ಎತ್ತರ, ತುಂಬಿದ ತೂಕ, ಇವನ್ನು ಕೇಳಿ ಪಡೆಯಿರಿ. ಹೆಚ್ಚಿನವರು ಇವನ್ನು ಕೇಳುವುದೇ ಇಲ್ಲ; ಲೆಕ್ಕ ಕೆಡುವುದು ಹೆಚ್ಚಾಗಿ ಅಲ್ಲಿಯೇ. ವಸ್ತು ಯಾವುದರಿಂದ ಮಾಡಿದ್ದು, ಬ್ಯಾಟರಿ ಇದೆಯೇ, ಮುಖ್ಯ ಬಿಡಿಭಾಗಗಳು ಎಲ್ಲಿಂದ ಬಂದವು ಎಂಬ ವಿವರವೂ ಬೇಕು. ಕೊನೆಗೆ ಎರಡು ಕಾಲಮ್ಮುಗಳಿರುವ ಒಂದು ಖಾಲಿ ಹಾಳೆ.

ಹಂತ 1: ಎರಡೂ ದರಗಳನ್ನು ಒಂದೇ ಷರತ್ತಿಗೆ ತನ್ನಿ

ದರದ ಪಕ್ಕದಲ್ಲಿ ಮೂರು ಅಕ್ಷರಗಳಿರುತ್ತವೆ: ಇಎಕ್ಸ್‌ಡಬ್ಲ್ಯು, ಎಫ್‌ಒಬಿ, ಸಿಐಎಫ್, ಡಿಡಿಪಿ, ಹೀಗೆ. ಇವು ಇನ್‌ಕೋಟರ್ಮ್ಸ್. ಅಂತರರಾಷ್ಟ್ರೀಯ ವಾಣಿಜ್ಯ ಮಂಡಳಿ 1936ರಲ್ಲಿ ಮೊದಲು ಹೊರತಂದ ಈ ನಿಯಮಗಳ 2020ರ ಆವೃತ್ತಿಯಲ್ಲಿ ಒಟ್ಟು 11 ಷರತ್ತುಗಳಿವೆ. ಯಾವ ಜಾಗದವರೆಗೆ ಖರ್ಚು ಮಾರುವವರದು, ಎಲ್ಲಿಂದ ಮುಂದೆ ನಿಮ್ಮದು, ಸರಕಿಗೆ ಹಾನಿಯಾದರೆ ಎಲ್ಲಿಂದ ನಿಮ್ಮ ತಲೆಗೆ ಬರುತ್ತದೆ ಎಂಬುದನ್ನು ಅವು ನಿಗದಿಪಡಿಸುತ್ತವೆ.

ಇಎಕ್ಸ್‌ಡಬ್ಲ್ಯು ಎಂದರೆ ಕಾರ್ಖಾನೆಯ ಬಾಗಿಲಲ್ಲಿ ಒಪ್ಪಿಸುವುದು. ಲಾರಿ, ಅಲ್ಲಿನ ರಫ್ತು ಕಾಗದಪತ್ರ, ಬಂದರಿನ ಖರ್ಚು ಎಲ್ಲವೂ ನಿಮ್ಮವು. ಎಫ್‌ಒಬಿ ಎಂದರೆ ಸರಕು ಹಡಗು ಹತ್ತುವವರೆಗೆ ಮಾರುವವರ ಹೊಣೆ. ಸಿಐಎಫ್ ಎಂದರೆ ನಿಮ್ಮ ಬಂದರಿನವರೆಗಿನ ಹಡಗು ಬಾಡಿಗೆಯನ್ನೂ ವಿಮೆಯನ್ನೂ ಮಾರುವವರೇ ಕಟ್ಟುತ್ತಾರೆ. ಡಿಡಿಪಿಯಲ್ಲಿ ಸುಂಕವನ್ನೂ ಅವರೇ ಕಟ್ಟಿ ನಿಮ್ಮ ಜಾಗಕ್ಕೆ ತಲುಪಿಸುತ್ತಾರೆ. ಕಂಟೇನರ್ ಸರಕಿಗೆ ಎಫ್‌ಒಬಿಗಿಂತ ಎಫ್‌ಸಿಎ (ಸಾಗಣೆದಾರರಿಗೆ ಒಪ್ಪಿಸುವವರೆಗೆ ಮಾರುವವರ ಹೊಣೆ) ಷರತ್ತು ಸೂಕ್ತವೆಂದು ಮಂಡಳಿಯೇ ಹೇಳುತ್ತದೆ, ಏಕೆಂದರೆ ಕಂಟೇನರನ್ನು ಹಡಗು ಹತ್ತುವ ಮೊದಲೇ ಸಾಗಣೆದಾರರಿಗೆ ಒಪ್ಪಿಸಲಾಗುತ್ತದೆ. ಆದರೂ ದರಪಟ್ಟಿಗಳಲ್ಲಿ ನಿಮಗೆ ಹೆಚ್ಚಾಗಿ ಸಿಗುವುದು ಎಫ್‌ಒಬಿಯೇ. ಹೋಲಿಕೆಗೂ ಅದು ಅನುಕೂಲ.

ನಮ್ಮ ಉದಾಹರಣೆಯಲ್ಲಿ ಕ ದೇಶದ 4 ಡಾಲರ್ ಕಾರ್ಖಾನೆ ಬಾಗಿಲಿನ ದರ. ಖ ದೇಶದ 4.60 ಎಫ್‌ಒಬಿ ದರ. ಅಂದರೆ ಇವೆರಡು ಹೋಲಿಕೆಗೇ ಬರುವುದಿಲ್ಲ. ಕ ದೇಶದ 20,000 ಡಾಲರಿಗೆ ಲಾರಿ, ರಫ್ತು ಕಾಗದಪತ್ರ, ಬಂದರು ಸೇರಿ 900 ಕೂಡಿಸಿದರೆ 20,900 ಆಗುತ್ತದೆ. ಖ ದೇಶದ್ದು 23,000. ನಗಕ್ಕೆ 60 ಸೆಂಟ್ ಇದ್ದ ಅಂತರ ಆಗಲೇ 42ಕ್ಕೆ ಇಳಿಯಿತು.

ಎಚ್ಚರಿಕೆ: ಸಿಐಎಫ್ ಎಂದ ಕೂಡಲೇ "ನಮ್ಮ ಬಂದರಿನವರೆಗೆ ಅವರದೇ ಹೊಣೆ" ಎಂದು ನಂಬಬೇಡಿ. ಬಾಡಿಗೆ ಕಟ್ಟುವವರು ಅವರು, ನಿಜ. ಆದರೆ ಸರಕು ಅಲ್ಲಿ ಹಡಗು ಹತ್ತಿದ ಕ್ಷಣದಿಂದ ನಷ್ಟದ ಅಪಾಯ ನಿಮ್ಮದು. ಅವರು ಮಾಡಿಸಬೇಕಾದ ವಿಮೆಯೂ ಕನಿಷ್ಠ ಮಟ್ಟದ್ದು; ಒಪ್ಪಂದದ ಬೆಲೆಯ ಶೇ. 110ಕ್ಕೆ ಇರಬೇಕು, ಆದರೆ ಅದು ರಕ್ಷಿಸುವ ಅಪಾಯಗಳು ಕೆಲವೇ. ಒದ್ದೆಯಾಗುವುದು, ಕಳವು, ಒಡೆಯುವುದು ಅದರಲ್ಲಿ ಸೇರಿರುತ್ತವೆ ಎಂದುಕೊಳ್ಳಬೇಡಿ, ಪತ್ರ ಓದಿ.

ಡಿಡಿಪಿ ದರ ನೋಡಲು ಸಲೀಸು. ಆದರೆ ಅದರಲ್ಲಿ ಸುಂಕ ಕಟ್ಟಿದ ದಾಖಲೆ ನಿಮ್ಮ ಹೆಸರಿನಲ್ಲಿ ಇರದೆ, ಗಡಿಯಲ್ಲಿ ಕಟ್ಟಿದ ತೆರಿಗೆಯನ್ನು ಮರಳಿ ಪಡೆಯಲು ಆಗದೇ ಹೋಗಬಹುದು. ಅದಕ್ಕಿಂತ ಕೆಟ್ಟದ್ದೆಂದರೆ, ಸುಂಕ ಉಳಿಸಲು ಮಾರುವವರು ಬೆಲೆಯನ್ನು ಕಡಿಮೆ ತೋರಿಸಿರುವ ಸಂದರ್ಭ. ಡಿಡಿಪಿ ಬೇಕೇ ಬೇಕು ಎಂದಾದರೆ ಆಮದುದಾರರಾಗಿ ದಾಖಲಾಗುವವರು ಯಾರು ಎಂಬುದನ್ನು ಮೊದಲೇ ಬರಹದಲ್ಲಿ ಕೇಳಿ.

ಹಂತ 2: ಎಚ್‌ಎಸ್ ಕೋಡ್ ಖಚಿತಪಡಿಸಿಕೊಳ್ಳಿ

ವಿಶ್ವ ಸೀಮಾಸುಂಕ ಸಂಸ್ಥೆ ರೂಪಿಸಿದ ಸರಕುಗಳ ವರ್ಗೀಕರಣ ಪದ್ಧತಿಯ ಸಂಖ್ಯೆಯೇ ಎಚ್‌ಎಸ್ ಕೋಡ್. 1988ರಿಂದ ಜಾರಿಯಲ್ಲಿದೆ; ಈಗ ನಡೆಯುತ್ತಿರುವುದು 2022ರ ಆವೃತ್ತಿ. ಮೊದಲ ಆರು ಅಂಕಿಗಳು ಈ ಪದ್ಧತಿ ಬಳಸುವ ದೇಶಗಳಲ್ಲೆಲ್ಲ ಒಂದೇ. ಅದರ ಮುಂದೆ ಎಂಟು, ಹತ್ತು ಅಂಕಿಗಳವರೆಗೆ ಆಯಾ ದೇಶ ತನ್ನದನ್ನು ಸೇರಿಸಿಕೊಳ್ಳುತ್ತದೆ. ಸುಂಕ ಎಷ್ಟು, ಪರವಾನಗಿ ಬೇಕೇ, ರಿಯಾಯಿತಿ ಸಿಗುತ್ತದೆಯೇ, ಎಲ್ಲವೂ ಈ ಸಂಖ್ಯೆಗೆ ಗಂಟುಬಿದ್ದಿವೆ.

ನಮ್ಮ ದೀಪವನ್ನೇ ನೋಡಿ. ಎಲ್‌ಇಡಿಗೆಂದೇ ಮಾಡಿದ ವಿದ್ಯುತ್ ಮೇಜುದೀಪ 9405.21ರಲ್ಲಿ ಬರುತ್ತದೆ. ಅದೇ ದೀಪದೊಳಗೆ ಬ್ಯಾಟರಿ ಇಟ್ಟು, ಕೈಯಲ್ಲಿ ಹಿಡಿದು ಓಡಾಡುವಂತೆ ಮಾಡಿದರೆ 8513 ಎಂಬ ಬೇರೆ ಶೀರ್ಷಿಕೆಗೆ (ಕೋಡಿನ ಮೊದಲ ನಾಲ್ಕು ಅಂಕಿಗಳು ಸೂಚಿಸುವ ಗುಂಪಿಗೆ) ಹೋಗುವ ಪ್ರಶ್ನೆ ಏಳುತ್ತದೆ. ಬಲ್ಬ್ ಮಾತ್ರ ತರಿಸಿದರೆ 8539.52. ಮೇಜಿನ ಮೇಲೆ ಇಟ್ಟರೆ ಮೂರೂ ಬೆಳಕು ಕೊಡುವ ವಸ್ತುಗಳೇ. ಸುಂಕದ ಪುಸ್ತಕದಲ್ಲಿ ಮೂರು ಬೇರೆ ಬೇರೆ ಪುಟಗಳು.

ಮಾರುವವರು ತಮ್ಮ ಇನ್‌ವಾಯ್ಸಿನಲ್ಲಿ ಬರೆದ ಸಂಖ್ಯೆ ಅವರ ರಫ್ತಿನ ಅನುಕೂಲಕ್ಕೆ ಬರೆದದ್ದು. ಅದನ್ನು ಹಾಗೆಯೇ ಎತ್ತಿಕೊಳ್ಳಬೇಡಿ. ತಪ್ಪು ಸಂಖ್ಯೆ ಘೋಷಿಸಿದರೆ ದಂಡ ಕಟ್ಟುವವರು ಆಮದುದಾರರು, ಅಂದರೆ ನೀವು. ಸಂದೇಹವಿದ್ದರೆ ಹಲವು ದೇಶಗಳ ಸುಂಕ ಇಲಾಖೆಗಳು ಮುಂಗಡ ತೀರ್ಪು ಕೊಡುತ್ತವೆ: ವಸ್ತುವಿನ ವಿವರ ಸಲ್ಲಿಸಿದರೆ ಅದು ಯಾವ ಸಂಖ್ಯೆಗೆ ಸೇರುತ್ತದೆಂದು ಲಿಖಿತವಾಗಿ ಹೇಳುತ್ತವೆ. ದೊಡ್ಡ ಮೊತ್ತದ ಸರಕಾದರೆ ಅದಕ್ಕಾಗಿ ಕಾಯುವುದು ಮೇಲು.

ಹಂತ 3: ದೇಶದಿಂದ ದೇಶಕ್ಕೆ ಬದಲಾಗುವ ಸುಂಕ

ಎರಡು ದೇಶಗಳ ಹೋಲಿಕೆಯಲ್ಲಿ ತಕ್ಕಡಿ ವಾಲುವುದು ಹೆಚ್ಚಾಗಿ ಇಲ್ಲಿ. ಆದ್ದರಿಂದ ಸ್ವಲ್ಪ ನಿಧಾನವಾಗಿ ಓದಿ.

ವಿಶ್ವ ವ್ಯಾಪಾರ ಸಂಸ್ಥೆಯ ಸದಸ್ಯ ದೇಶಗಳಿಗೆಲ್ಲ ಸಾಮಾನ್ಯವಾಗಿ ವಿಧಿಸುವ ಸುಂಕಕ್ಕೆ ಎಂಎಫ್‌ಎನ್ ದರ ಎನ್ನುತ್ತಾರೆ. ಮುಕ್ತ ವ್ಯಾಪಾರ ಒಪ್ಪಂದ ಇರುವ ದೇಶದಿಂದ ಬಂದ ಸರಕಿಗೆ ಅದಕ್ಕಿಂತ ಕಡಿಮೆ ದರ, ಕೆಲವೊಮ್ಮೆ ಸೊನ್ನೆ. ಇದರ ಎದುರು ದಿಕ್ಕಿನಲ್ಲಿ ಆಂಟಿ ಡಂಪಿಂಗ್ ಸುಂಕ ಇದೆ. ಒಂದು ದೇಶದವರು ತಮ್ಮಲ್ಲಿ ಮಾರುವುದಕ್ಕಿಂತ ಕಡಿಮೆ ಬೆಲೆಗೆ ಸರಕು ತಂದು ಸುರಿಯುತ್ತಿದ್ದಾರೆ, ಅದರಿಂದ ಸ್ಥಳೀಯ ಉದ್ಯಮಕ್ಕೆ ಹಾನಿಯಾಗಿದೆ ಎಂದು ತನಿಖೆಯಲ್ಲಿ ಕಂಡುಬಂದರೆ ಆ ದೇಶದ ಆ ಸರಕಿಗೆ ಮಾತ್ರ ಹಾಕುವ ಹೆಚ್ಚುವರಿ ಸುಂಕ ಅದು. ಮಾಮೂಲಿ ಸುಂಕದ ಪಟ್ಟಿಯಲ್ಲಿ ಅದು ಕಾಣಿಸದೇ ಇರಬಹುದು. ಬೇರೆ ಅಧಿಸೂಚನೆಗಳಲ್ಲಿ ಹುಡುಕಬೇಕು. ಒಂದೇ ದೇಶದ ಎರಡು ಕಾರ್ಖಾನೆಗಳಿಗೆ ಬೇರೆ ಬೇರೆ ದರ ಇರುವುದೂ ಉಂಟು.

ದರಗಳನ್ನು ನೋಡಲು ಹಣ ಕೊಡಬೇಕಿಲ್ಲ. ಜಿನೀವಾದಲ್ಲಿರುವ ಅಂತರರಾಷ್ಟ್ರೀಯ ವ್ಯಾಪಾರ ಕೇಂದ್ರದ ಮಾರ್ಕೆಟ್ ಆಕ್ಸೆಸ್ ಮ್ಯಾಪ್‌ನಲ್ಲಿ ಕಳಿಸುವ ದೇಶ, ತರಿಸುವ ದೇಶ, ಎಚ್‌ಎಸ್ ಕೋಡ್ ಕೊಟ್ಟರೆ ಸಾಮಾನ್ಯ ದರವೂ ಒಪ್ಪಂದದ ದರವೂ ಕಾಣಿಸುತ್ತವೆ. ಅಂತಿಮವಾಗಿ ನಂಬಬೇಕಾದದ್ದು ತರಿಸುವ ದೇಶದ ಸುಂಕ ಇಲಾಖೆಯ ಈ ಹೊತ್ತಿನ ಪಟ್ಟಿಯನ್ನೇ.

ನಮ್ಮ ಉದಾಹರಣೆಯಲ್ಲಿ ಸಾಮಾನ್ಯ ದರ ಶೇ. 10 ಎಂದಿರಲಿ. ಕ ದೇಶದ ಜೊತೆ ಒಪ್ಪಂದವಿಲ್ಲ. ಖ ದೇಶದ ಜೊತೆ ಇದೆ, ಅಲ್ಲಿನ ದೀಪಕ್ಕೆ ಸುಂಕ ಸೊನ್ನೆ.

ಇಲ್ಲಿಯೇ ಬಹಳ ಜನ ಎಡವುತ್ತಾರೆ. ಖ ದೇಶದಿಂದ ಹಡಗು ಹತ್ತಿದ ಮಾತ್ರಕ್ಕೆ ಸರಕು ಖ ದೇಶದ್ದಾಗುವುದಿಲ್ಲ. ಒಪ್ಪಂದದಲ್ಲಿ ಮೂಲದ ನಿಯಮಗಳು ಎಂಬ ಅಧ್ಯಾಯ ಇರುತ್ತದೆ. ವಸ್ತು ಆ ದೇಶದಲ್ಲಿ ಎಷ್ಟರ ಮಟ್ಟಿಗೆ ತಯಾರಾಗಿರಬೇಕು ಎಂದು ಅದು ಹೇಳುತ್ತದೆ. ಒಂದು ಸಾಮಾನ್ಯ ನಿಯಮ ಹೀಗಿದೆ: ಹೊರಗಿನಿಂದ ತಂದ ಬಿಡಿಭಾಗಗಳ ಎಚ್‌ಎಸ್ ಕೋಡಿನ ಮೊದಲ ನಾಲ್ಕು ಅಂಕಿಗಳು ತಯಾರಾದ ವಸ್ತುವಿನ ನಾಲ್ಕು ಅಂಕಿಗಳಿಗಿಂತ ಬೇರೆ ಇರಬೇಕು. ಈಗ ದೀಪದ ವಿಷಯಕ್ಕೆ ಬನ್ನಿ. ಒಳಗಿನ ಎಲ್‌ಇಡಿ ಮಾಡ್ಯೂಲ್ 8539, ಅಡಾಪ್ಟರ್ 8504. ಅವು ಹೊರಗಿನವಾದರೂ ತೊಂದರೆಯಿಲ್ಲ. ಆದರೆ ದೀಪದ ಕಂಬ, ಪೀಠ, ನೆರಳುಮುಚ್ಚಳ ಇಂಥ ಭಾಗಗಳು ಬರುವುದು 9405.91, 9405.92, 9405.99ರಲ್ಲಿ. ಅಂದರೆ ದೀಪದ ಶೀರ್ಷಿಕೆಯಾದ 9405ರಲ್ಲಿಯೇ! ಖ ದೇಶದವರು ಇವನ್ನು ಬೇರೆ ದೇಶದಿಂದ ತರಿಸಿ ಸ್ಕ್ರೂ ಬಿಗಿದು ಕೊಡುತ್ತಿದ್ದರೆ, ಆ ನಿಯಮದ ಪ್ರಕಾರ ದೀಪ ಖ ದೇಶದ್ದಲ್ಲ. ಕೆಲವು ಒಪ್ಪಂದಗಳಲ್ಲಿ ಇದರ ಬದಲು, ಅಥವಾ ಇದರ ಜೊತೆಗೆ, ಸ್ಥಳೀಯ ಮೌಲ್ಯ ಇಂತಿಷ್ಟು ಶೇಕಡಾ ಇರಬೇಕೆಂಬ ನಿಯಮ ಇರುತ್ತದೆ. ನಿಮ್ಮ ಸರಕಿಗೆ ಯಾವುದು ಅನ್ವಯಿಸುತ್ತದೆ ಎಂದು ಒಪ್ಪಂದದ ಪಠ್ಯದಲ್ಲೇ ನೋಡಿ.

ನಿಯಮ ಪಾಸಾದ ಮೇಲೂ ಮೂಲ ಪ್ರಮಾಣಪತ್ರ ಅಥವಾ ಒಪ್ಪಂದ ಕೇಳುವ ಘೋಷಣೆ ಸರಿಯಾದ ನಮೂನೆಯಲ್ಲಿ ಇರಬೇಕು. ಅದರಲ್ಲಿನ ಸಂಖ್ಯೆ, ತೂಕ, ಇನ್‌ವಾಯ್ಸ್ ವಿವರಗಳು ಉಳಿದ ಕಾಗದಗಳಿಗೆ ತಾಳೆಯಾಗಬೇಕು. ದಾರಿಯಲ್ಲಿ ಮೂರನೆಯ ದೇಶದಲ್ಲಿ ಸರಕು ಇಳಿದರೆ, ಅಲ್ಲಿ ಅದಕ್ಕೆ ಯಾರೂ ಕೈಹಚ್ಚಿಲ್ಲವೆಂದು ತೋರಿಸುವ ದಾಖಲೆಯನ್ನೂ ಕೇಳಬಹುದು. ಮುಂಗಡ ಕೊಡುವ ಮೊದಲೇ ಪ್ರಮಾಣಪತ್ರದ ಕರಡನ್ನು ತರಿಸಿಕೊಂಡು ಓದಿ. ಸರಕು ಹಡಗು ಹತ್ತಿದ ಮೇಲೆ ಅಕ್ಷರ ತಿದ್ದಿಸುವುದು ದೊಡ್ಡ ಪರದಾಟ.

ಹಂತ 4: ಸಾಗಣೆ, ಅಂದರೆ ಪೆಟ್ಟಿಗೆಯ ಅಳತೆ

ಎರಡೂ ಕಡೆ ಒಂದು ಪೆಟ್ಟಿಗೆಗೆ 20 ದೀಪ, ಒಟ್ಟು 250 ಪೆಟ್ಟಿಗೆ ಎಂದಿರಲಿ. ಕ ದೇಶದ ಪೆಟ್ಟಿಗೆ 60 × 50 × 40 ಸೆಂ.ಮೀ. ಖ ದೇಶದ್ದು 60 × 50 × 36. ಎತ್ತರದಲ್ಲಿ ನಾಲ್ಕೇ ಸೆಂಟಿಮೀಟರ್ ವ್ಯತ್ಯಾಸ.

ಕ ದೇಶದ ಒಂದು ಪೆಟ್ಟಿಗೆ 0.12 ಘನ ಮೀಟರ್, 250ಕ್ಕೆ 30 ಘನ ಮೀಟರ್. ಖ ದೇಶದ್ದು 0.108, ಒಟ್ಟು 27. ಇಪ್ಪತ್ತು ಅಡಿ ಕಂಟೇನರಿನ ಒಳಗಾತ್ರ ಸುಮಾರು 33 ಘನ ಮೀಟರ್ ಎಂದು ಪುಸ್ತಕದಲ್ಲಿ ಇರುತ್ತದೆ. ಆದರೆ ಪೆಟ್ಟಿಗೆಗಳ ನಡುವೆ, ಮೇಲೆ, ಬಾಗಿಲ ಬಳಿ ಜಾಗ ಪೋಲಾಗಿ, ನಿಜವಾಗಿ ಹಿಡಿಸುವುದು 26ರಿಂದ 28. ಹಾಗಾಗಿ ಖ ದೇಶದ ಸರಕು ಇಪ್ಪತ್ತು ಅಡಿಯದರಲ್ಲಿ ಕೂರುತ್ತದೆ, ಕ ದೇಶದ್ದು ಕೂರುವುದಿಲ್ಲ. ಅದಕ್ಕೆ ನಲವತ್ತು ಅಡಿಯದೇ ಬೇಕು, ಅದೂ ಅರ್ಧಕ್ಕಿಂತ ಹೆಚ್ಚು ಖಾಲಿ ಹೊತ್ತುಕೊಂಡು. ಕ ದೇಶದಿಂದ ಬಾಡಿಗೆ 3,200, ಖ ದೇಶದಿಂದ 1,400 ಎಂದು ಬರೆದುಕೊಳ್ಳಿ.

ಕಂಟೇನರ್ ತುಂಬದಷ್ಟು ಕಡಿಮೆ ಸರಕಾದರೆ ಬೇರೆಯವರ ಸರಕಿನ ಜೊತೆ ಹಂಚಿಕೊಂಡು ಕಳಿಸುತ್ತಾರೆ. ಇದಕ್ಕೆ ಎಲ್‌ಸಿಎಲ್ ಎನ್ನುತ್ತಾರೆ. ಸಾಮಾನ್ಯವಾಗಿ ಒಂದು ಘನ ಮೀಟರ್ ಅಥವಾ ಒಂದು ಟನ್, ಇವೆರಡರಲ್ಲಿ ಯಾವುದು ಹೆಚ್ಚೋ ಅದಕ್ಕೆ ಬಾಡಿಗೆ. ಇದರಲ್ಲಿ ಸಮುದ್ರದ ಬಾಡಿಗೆಯನ್ನು ಆಕರ್ಷಕವಾಗಿ ಕಡಿಮೆ ಹೇಳಿ, ಇಳಿಯುವ ಬಂದರಿನಲ್ಲಿ ಬಿಡಿಸುವ, ವಿಂಗಡಿಸುವ, ದಾಖಲೆಯ ಶುಲ್ಕ ಎಂದು ವಸೂಲು ಮಾಡುವ ರೂಢಿ ಇದೆ. ಇಳಿಯುವ ಕಡೆಯ ಶುಲ್ಕಗಳ ಪೂರ್ಣ ಪಟ್ಟಿ ಕೈಗೆ ಬಾರದೆ ಎಲ್‌ಸಿಎಲ್ ದರವನ್ನು ಹಾಳೆಯಲ್ಲಿ ಬರೆಯಬೇಡಿ.

ವಿಮಾನದಲ್ಲಿ ತರಿಸುವುದಾದರೆ ಗಾತ್ರದ ತೂಕ ಲೆಕ್ಕಕ್ಕೆ ಬರುತ್ತದೆ. ಪೆಟ್ಟಿಗೆಯ ಮೂರು ಅಳತೆಗಳನ್ನು ಸೆಂಟಿಮೀಟರಿನಲ್ಲಿ ಗುಣಿಸಿ 6,000ದಿಂದ ಭಾಗಿಸಿ. ಖ ದೇಶದ ಪೆಟ್ಟಿಗೆಗೆ 18 ಕಿಲೊ ಬರುತ್ತದೆ. ತಕ್ಕಡಿಯಲ್ಲಿ ಇಟ್ಟರೆ ಅದು 12 ಕಿಲೊ ತೂಗಿದರೂ ಬಾಡಿಗೆ 18ಕ್ಕೇ. ಕೊರಿಯರ್ ಸಂಸ್ಥೆಗಳು ಹೆಚ್ಚಾಗಿ 5,000ದಿಂದ ಭಾಗಿಸುತ್ತವೆ, ಆಗ 21.6 ಕಿಲೊ. ದೀಪದಲ್ಲಿ ಲಿಥಿಯಂ ಬ್ಯಾಟರಿ ಇದ್ದರೆ ಅದು ಅಪಾಯಕಾರಿ ಸರಕಿನ ನಿಯಮಗಳಡಿ ಬರುತ್ತದೆ. ಪ್ಯಾಕಿಂಗ್, ಲೇಬಲ್, ದಾಖಲೆಗಳ ಖರ್ಚು ಬೇರೆ.

ಹಂತ 5: ಸುಂಕ ಹಾಕುವ ಮೌಲ್ಯ ಮತ್ತು ಅದರ ಮೇಲಿನ ತೆರಿಗೆ

ಸುಂಕದ ಶೇಕಡಾವಾರು ಗೊತ್ತಾಯಿತು. ಅದು ಯಾವ ಮೊತ್ತದ ಮೇಲೆ? ವಿಶ್ವ ವ್ಯಾಪಾರ ಸಂಸ್ಥೆಯ ಮೌಲ್ಯಮಾಪನ ಒಪ್ಪಂದದ ಪ್ರಕಾರ ಮೊದಲ ಆಧಾರ ನೀವು ನಿಜವಾಗಿ ಕೊಟ್ಟ ಅಥವಾ ಕೊಡಬೇಕಾದ ಬೆಲೆ. ಅಂತರರಾಷ್ಟ್ರೀಯ ಬಾಡಿಗೆ ಮತ್ತು ವಿಮೆಯನ್ನು ಅದಕ್ಕೆ ಸೇರಿಸಬೇಕೋ ಬೇಡವೋ ಎಂಬುದನ್ನು ಅದೇ ಒಪ್ಪಂದ ಆಯಾ ದೇಶಕ್ಕೆ ಬಿಟ್ಟಿದೆ. ಭಾರತ, ಐರೋಪ್ಯ ಒಕ್ಕೂಟ, ಜಪಾನ್, ಚೀನಾ ಸೇರಿಸುತ್ತವೆ. ಅಮೆರಿಕ, ಕೆನಡಾ, ಆಸ್ಟ್ರೇಲಿಯಾ ಸೇರಿಸುವುದಿಲ್ಲ.

ನಮ್ಮ ಉದಾಹರಣೆಯಲ್ಲಿ ತರಿಸುವ ದೇಶ ಸೇರಿಸುವ ಗುಂಪಿನದು ಎಂದಿರಲಿ. ವಿಮೆ ಎರಡಕ್ಕೂ ಸುಮಾರು 80. ಕ ದೇಶದ ಸರಕಿನ ಮೌಲ್ಯ 20,900 + 3,200 + 80 = 24,180; ಅದರ ಶೇ. 10 ಎಂದರೆ 2,418. ಖ ದೇಶದ್ದು 23,000 + 1,400 + 80 = 24,480; ಸುಂಕ ಸೊನ್ನೆ. ಗಮನಿಸಿ, ನಲವತ್ತು ಅಡಿ ಕಂಟೇನರಿಗೆ ಕೊಟ್ಟ ಹೆಚ್ಚಿನ ಬಾಡಿಗೆಯ ಮೇಲೂ ಕ ದೇಶದ ಸರಕಿಗೆ ಸುಂಕ ಬಿತ್ತು.

ಇನ್ನೊಂದು ಮರೆಯಬಾರದ ವಿಷಯ. ದೀಪದ ಅಚ್ಚನ್ನು ನೀವೇ ಮಾಡಿಸಿ ಕಾರ್ಖಾನೆಗೆ ಉಚಿತವಾಗಿ ಕೊಟ್ಟಿದ್ದರೆ, ಅಥವಾ ವಿನ್ಯಾಸಕ್ಕೆ ರಾಯಧನ ಕಟ್ಟುವುದು ಈ ಮಾರಾಟದ ಷರತ್ತಾಗಿದ್ದರೆ, ಅವೂ ಸುಂಕದ ಮೌಲ್ಯಕ್ಕೆ ಸೇರುತ್ತವೆ. ಇನ್‌ವಾಯ್ಸಿನಲ್ಲಿ ಇಲ್ಲದ ಕಾರಣ ಜನ ಬಿಟ್ಟುಬಿಡುತ್ತಾರೆ. ವರ್ಷಗಳ ನಂತರ ಲೆಕ್ಕ ಪರಿಶೀಲನೆಯಲ್ಲಿ ಬಡ್ಡಿಸಮೇತ ಹೊರಬರುತ್ತದೆ.

ಸುಂಕದ ಮೇಲೆ ಮೌಲ್ಯವರ್ಧಿತ ತೆರಿಗೆ ಅಥವಾ ಸರಕು ಮತ್ತು ಸೇವಾ ತೆರಿಗೆ ಇರುವ ದೇಶಗಳಲ್ಲಿ ಅದನ್ನು ಸರಕಿನ ಮೌಲ್ಯ ಮತ್ತು ಸುಂಕ ಎರಡರ ಮೊತ್ತದ ಮೇಲೆ ಹಾಕುತ್ತಾರೆ. ನೀವು ತೆರಿಗೆಗೆ ನೋಂದಾಯಿಸಿದ್ದು ಅದನ್ನು ಮರಳಿ ಪಡೆಯುವಂತಿದ್ದರೆ ಬಾಗಿಲ ಬೆಲೆಗೆ ಸೇರಿಸಬೇಡಿ, ಬೇರೆ ಸಾಲಿನಲ್ಲಿ ಬರೆಯಿರಿ. ಏಕೆಂದರೆ ವೆಚ್ಚವಲ್ಲದಿದ್ದರೂ ಆ ಹಣ ಅಂದು ನಿಮ್ಮ ಕೈಯಲ್ಲಿ ಇರಬೇಕು. ಮರಳಿ ಸಿಗದಿದ್ದರೆ ಅದು ಪೂರ್ತಿ ವೆಚ್ಚವೇ.

ಹಂತ 6: ಬಂದರಿನಿಂದ ಬಾಗಿಲಿಗೆ

ಕಂಟೇನರ್ ಇಳಿಸುವ ಶುಲ್ಕ, ದಾಖಲೆ ಶುಲ್ಕ, ಕಸ್ಟಮ್ಸ್ ಏಜೆಂಟರ ಸಂಭಾವನೆ, ಲಾರಿ. ನಲವತ್ತು ಅಡಿಗೆ ಇವು ಹೆಚ್ಚು: ಕ ದೇಶದ ಸರಕಿಗೆ ಬಂದರಿನಲ್ಲಿ 900, ಲಾರಿಗೆ 600, ಖ ದೇಶದ್ದಕ್ಕೆ 700 ಮತ್ತು 450.

ಡೆಮರೇಜ್, ಡಿಟೆನ್ಷನ್ ಎಂಬ ಎರಡು ಪದಗಳ ವ್ಯತ್ಯಾಸ ತಿಳಿದಿರಲಿ. ತುಂಬಿದ ಕಂಟೇನರ್ ಉಚಿತ ದಿನಗಳು ಮುಗಿದ ಮೇಲೂ ಬಂದರಿನಲ್ಲೇ ಕುಳಿತರೆ ಡೆಮರೇಜ್. ಹೊರಗೆ ಒಯ್ದ ಕಂಟೇನರನ್ನು ಗಡುವಿನೊಳಗೆ ಖಾಲಿ ಮಾಡಿ ಮರಳಿಸದಿದ್ದರೆ ಡಿಟೆನ್ಷನ್. ಎರಡೂ ದಿನಲೆಕ್ಕದಲ್ಲಿ ಏರುತ್ತವೆ. ದರ ಕೇಳುವಾಗಲೇ ಉಚಿತ ದಿನಗಳೆಷ್ಟು ಎಂದು ಕೇಳಿ. ಮೂಲ ಪ್ರಮಾಣಪತ್ರದ ತಕರಾರಿನಿಂದ ಸರಕು ನಿಂತರೂ ಈ ಗಡಿಯಾರ ನಿಲ್ಲುವುದಿಲ್ಲ.

ಹಂತ 7: ಹಣ ಮತ್ತು ದಿನಗಳು

ಬ್ಯಾಂಕ್ ಶುಲ್ಕ ಕ ದೇಶಕ್ಕೆ 250, ಖ ದೇಶಕ್ಕೆ 150 ಎನ್ನೋಣ. ಹಣ ವಿನಿಮಯದಲ್ಲಿ ಬ್ಯಾಂಕು ನಿಮಗೆ ಕೊಡುವ ದರ ಬೇರೆ, ಸುದ್ದಿಯಲ್ಲಿ ಕಾಣುವ ದರ ಬೇರೆ, ಸುಂಕ ಇಲಾಖೆ ತನ್ನ ಲೆಕ್ಕಕ್ಕೆ ಪ್ರಕಟಿಸುವ ದರ ಇನ್ನೂ ಬೇರೆ. ಹಾಳೆಯಲ್ಲಿ ಆಯಾ ಸಾಲಿಗೆ ಆಯಾ ದರವನ್ನೇ ಬಳಸಿ. ಎರಡು ಮಾರಾಟಗಾರರು ಎರಡು ಕರೆನ್ಸಿಗಳಲ್ಲಿ ದರ ಕೊಟ್ಟಿದ್ದರೆ ಒಂದೇ ದಿನದ ದರದಲ್ಲಿ ಪರಿವರ್ತಿಸಿ.

ದಿನಗಳಿಗೂ ಬೆಲೆ ಇದೆ. 25,000 ಡಾಲರ್ 20 ದಿನ ಹೆಚ್ಚು ಸಿಕ್ಕಿಬಿದ್ದರೆ, ವರ್ಷಕ್ಕೆ ಶೇ. 12 ಬಡ್ಡಿಯಲ್ಲಿ ಸುಮಾರು 164 ಡಾಲರ್ ಆಗುತ್ತದೆ. ಇದಕ್ಕಿಂತ ಮುಖ್ಯವಾದದ್ದು ದಾರಿಯ ಅನಿಶ್ಚಿತತೆ. 2023ರ ಕೊನೆಯಲ್ಲಿ ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿಗಳು ಶುರುವಾದಾಗ ಅನೇಕ ಹಡಗುಗಳು ಸೂಯೆಜ್ ಬಿಟ್ಟು ಆಫ್ರಿಕಾದ ತುದಿಯನ್ನು ಸುತ್ತಿ ಹೋದವು. ಬಾಡಿಗೆಯೂ ಏರಿತು, ದಿನಗಳೂ ಹೆಚ್ಚಿದವು. ಎರಡು ದೇಶಗಳಲ್ಲಿ ಯಾವುದರ ದಾರಿ ಇಂಥ ಇಕ್ಕಟ್ಟಿನ ಮೂಲಕ ಹಾದುಹೋಗುತ್ತದೆ ಎಂದು ಭೂಪಟ ಬಿಚ್ಚಿ ನೋಡಿ.

ಹಂತ 8: ಒಟ್ಟು ಕೂಡಿಸಿ, ಒಳ್ಳೆಯ ನಗಕ್ಕೆ ಭಾಗಿಸಿ

ಕ ದೇಶ: ಮೌಲ್ಯ 24,180 + ಸುಂಕ 2,418 + ಬಂದರು 900 + ಲಾರಿ 600 + ಬ್ಯಾಂಕ್ 250 = 28,348
ಖ ದೇಶ: ಮೌಲ್ಯ 24,480 + ಸುಂಕ 0 + ಬಂದರು 700 + ಲಾರಿ 450 + ಬ್ಯಾಂಕ್ 150 = 25,780

ಈಗ ಇದನ್ನು 5,000ದಿಂದ ಭಾಗಿಸಬೇಡಿ. ಮಾದರಿ ತಪಾಸಣೆಯಲ್ಲಿ ಕ ದೇಶದ ದೀಪಗಳಲ್ಲಿ ಶೇ. 4 ಕೆಟ್ಟವು, ಖ ದೇಶದವುಗಳಲ್ಲಿ ಶೇ. 2 ಎಂದು ಬಂದಿದ್ದರೆ, ಮಾರಬಹುದಾದವು 4,800 ಮತ್ತು 4,900. ಕ ದೇಶದ ದೀಪದ ಬಾಗಿಲ ಬೆಲೆ 5.91 ಡಾಲರ್. ಖ ದೇಶದ್ದು 5.26. ನಗಕ್ಕೆ 60 ಸೆಂಟ್ ಅಗ್ಗ ಎಂದು ಕಂಡಿದ್ದ ದೇಶ ಈಗ 65 ಸೆಂಟ್ ದುಬಾರಿ.

ಹಂತ 9: ಅಂಕಿಗಳನ್ನು ಅಲುಗಾಡಿಸಿ ನೋಡಿ

ಬಂದ ಉತ್ತರ ಎಷ್ಟು ಗಟ್ಟಿ ಎಂದು ತಿಳಿಯಲು ಒಂದೊಂದೇ ಅಂಕಿಯನ್ನು ಬದಲಾಯಿಸಿ. ಮೊದಲು, ಖ ದೇಶದ ಮೂಲ ಪ್ರಮಾಣಪತ್ರ ತಿರಸ್ಕೃತವಾಯಿತು ಎಂದುಕೊಳ್ಳಿ. 2,448 ಸುಂಕ ಸೇರಿ ಒಟ್ಟು 28,228, ನಗಕ್ಕೆ 5.76. ಆಗಲೂ ಖ ದೇಶವೇ ಕಡಿಮೆ, ಆದರೆ ಅಂತರ 15 ಸೆಂಟಿಗೆ ಕುಸಿಯುತ್ತದೆ.

ಇನ್ನು ಕ ದೇಶದವರಿಗೆ "ಪೆಟ್ಟಿಗೆಯ ಎತ್ತರ ನಾಲ್ಕು ಸೆಂಟಿಮೀಟರ್ ಇಳಿಸಿ" ಎಂದು ಕೇಳಿ, ಅವರು ಒಪ್ಪಿದರು ಎನ್ನೋಣ. ಇಪ್ಪತ್ತು ಅಡಿ ಕಂಟೇನರ್ ಸಾಕಾಗುತ್ತದೆ. ಬಾಡಿಗೆ 1,400, ವಿಮೆ 74. ಮೌಲ್ಯ 22,374, ಸುಂಕ 2,237, ಬಂದರು 700, ಲಾರಿ 450, ಬ್ಯಾಂಕ್ 250. ಒಟ್ಟು 26,011, ನಗಕ್ಕೆ 5.42. ದೀಪದ ಬೆಲೆಯಲ್ಲಿ ಒಂದು ಸೆಂಟನ್ನೂ ಚೌಕಾಸಿ ಮಾಡದೆ 49 ಸೆಂಟ್ ಉಳಿಯಿತು. ಈಗ ಖ ದೇಶದ ಪ್ರಮಾಣಪತ್ರ ನಿಲ್ಲುತ್ತದೆಯೋ ಇಲ್ಲವೋ ಎಂಬುದರ ಮೇಲೆ ಇಡೀ ನಿರ್ಧಾರ ನಿಂತಿದೆ. ನಿಮ್ಮ ಮುಂದಿನ ವಾರದ ಶ್ರಮ ಎಲ್ಲಿ ಹೋಗಬೇಕು ಎಂಬುದನ್ನು ಹಾಳೆಯೇ ತೋರಿಸಿತು: ಖ ದೇಶದವರಿಂದ ಬಿಡಿಭಾಗಗಳ ಮೂಲದ ವಿವರ ತರಿಸುವುದರಲ್ಲಿ.

ಬಾಡಿಗೆಯನ್ನು ದ್ವಿಗುಣ ಮಾಡಿಯೂ, ವಿನಿಮಯ ದರವನ್ನು ಶೇ. 5 ಏರಿಸಿ ಇಳಿಸಿಯೂ ನೋಡಿ.

ಒಂದೇ ಸರಕನ್ನು ಎರಡು ದೇಶಗಳಲ್ಲಿ ಇಳಿಸುವವರಿಗೆ

ಕೆಲವರ ಪ್ರಶ್ನೆ ತಿರುಗುಮುರುಗು: ಮಾರುವವರು ಒಬ್ಬರೇ, ತರಿಸುವ ದೇಶಗಳು ಎರಡು. ಹಾಳೆ ಅದೇ, ಆದರೆ ಹಂತ 5ರ ತೂಕ ಹೆಚ್ಚುತ್ತದೆ. ಸುಂಕದ ದರ ಎರಡೂ ಕಡೆ ಶೇ. 10 ಇದ್ದರೂ, ಬಾಡಿಗೆ ಸೇರಿಸುವ ದೇಶದಲ್ಲಿ 24,480ರ ಮೇಲೆ 2,448 ಕಟ್ಟುತ್ತೀರಿ. ಸೇರಿಸದ ದೇಶದಲ್ಲಿ 23,000ದ ಮೇಲೆ 2,300. ಗಾತ್ರ ದೊಡ್ಡದಾಗಿ ಬೆಲೆ ಕಡಿಮೆ ಇರುವ ಸರಕುಗಳಲ್ಲಿ ಈ ವ್ಯತ್ಯಾಸ ಬಹಳ ದೊಡ್ಡದಾಗುತ್ತದೆ.

ತೆರಿಗೆಯ ಚಿತ್ರವೂ ಒಂದೇ ಅಲ್ಲ. ಐರೋಪ್ಯ ಒಕ್ಕೂಟದ ದೇಶಗಳಿಗೆಲ್ಲ ಹೊರಗಿನ ಸರಕಿನ ಸುಂಕ ಒಂದೇ, ಆದರೆ ಮೌಲ್ಯವರ್ಧಿತ ತೆರಿಗೆಯ ಸಾಮಾನ್ಯ ದರ ಜರ್ಮನಿಯಲ್ಲಿ ಶೇ. 19, ಹಂಗೇರಿಯಲ್ಲಿ ಶೇ. 27. ಅಮೆರಿಕದಲ್ಲಿ ಗಡಿಯಲ್ಲಿ ಅಂಥ ತೆರಿಗೆಯೇ ಇಲ್ಲ. ರಾಜ್ಯಗಳ ಮಾರಾಟ ತೆರಿಗೆ ಗ್ರಾಹಕರಿಗೆ ಮಾರುವಾಗ ಬರುತ್ತದೆ. ಹೀಗಾಗಿ ಎರಡು ದೇಶಗಳ ಅಂಗಡಿ ಬೆಲೆಗಳನ್ನು ಪಕ್ಕಪಕ್ಕ ಇಟ್ಟು ಆಮದು ವೆಚ್ಚವನ್ನು ಊಹಿಸಲು ಹೋಗಬೇಡಿ. ಒಂದರಲ್ಲಿ ತೆರಿಗೆ ಸೇರಿರುತ್ತದೆ, ಇನ್ನೊಂದರಲ್ಲಿ ಇರುವುದಿಲ್ಲ.

ಕೊನೆಯದಾಗಿ ವಸ್ತುವೇ ಬದಲಾಗಬೇಕಾಗಬಹುದು. 230 ವೋಲ್ಟಿನ ದೇಶಕ್ಕೆ ಮಾಡಿದ ಅಡಾಪ್ಟರ್ 120 ವೋಲ್ಟಿನ ದೇಶದಲ್ಲಿ ಕೆಲಸ ಮಾಡದಿರಬಹುದು. ಪ್ಲಗ್ ಬೇರೆ, ಸುರಕ್ಷತಾ ಪ್ರಮಾಣೀಕರಣ ಬೇರೆ, ಪೆಟ್ಟಿಗೆಯ ಮೇಲಿನ ಭಾಷೆಯೂ ಬೇರೆ. ಪ್ರಮಾಣೀಕರಣದ ಪರೀಕ್ಷೆಗೆ ಒಮ್ಮೆ ಕೊಡುವ ಹಣವನ್ನು ಮೊದಲ ಕಂಟೇನರಿನ ಮೇಲೆಯೇ ಹೊರಿಸಬೇಡಿ, ವರ್ಷಕ್ಕೆ ನೀವು ತರಿಸಲಿರುವ ಒಟ್ಟು ನಗಗಳಿಗೆ ಹಂಚಿ.

ಸರಕು ಬಂದು ತಲುಪಿದ ಮೇಲೆ ಹಾಳೆಗೆ ಮೂರನೆಯ ಕಾಲಮ್ಮು ಎಳೆದು, ನಿಜವಾಗಿ ಬಂದ ಬಿಲ್ಲುಗಳನ್ನು ಸಾಲಿಗೆ ಸಾಲು ಬರೆಯಿರಿ. ಅಂದಾಜಿಗೂ ಬಿಲ್ಲಿಗೂ ಶೇ. 5ಕ್ಕಿಂತ ಹೆಚ್ಚು ವ್ಯತ್ಯಾಸ ಬಂದ ಸಾಲುಗಳಿಗೆ ಗುರುತು ಹಾಕಿ. ಮುಂದಿನ ಬಾರಿ ದರಪಟ್ಟಿ ತರಿಸುವಾಗ ಮಾರುವವರನ್ನೂ ಏಜೆಂಟರನ್ನೂ ಮೊದಲು ಕೇಳಬೇಕಾದದ್ದು ಆ ಸಾಲುಗಳ ಬಗ್ಗೆ.